ಪದವಿ ಒಬ್ಬರಿಗೆ, ಮಗ್ಗ ಇನ್ನೊಬ್ಬರಿಗೆ: ಕರಕುಶಲ ಶಿಕ್ಷಣದ ಒಂದು ಸಮೀಕ್ಷೆ

ಪಿಯುಸಿ ಫಲಿತಾಂಶ ಬಂದ ವಾರ ಪತ್ರಿಕೆಗಳ ಶಿಕ್ಷಣ ಪುರವಣಿ ತೆರೆದರೆ, ಎಂಜಿನಿಯರಿಂಗ್ ಮತ್ತು ಮೆಡಿಕಲ್ ಬಿಟ್ಟು ಬೇರೇನು ಓದಬಹುದು ಎಂಬ ಲೇಖನ ಇದ್ದೇ ಇರುತ್ತದೆ. ಈಚಿನ ವರ್ಷಗಳಲ್ಲಿ ಆ ಪಟ್ಟಿಗೆ ಕ್ರಾಫ್ಟ್ ಡಿಸೈನ್ ಸೇರಿಕೊಂಡಿದೆ. ಸೇರಿದ್ದು ಸಂತೋಷ. ಆದರೆ ಆ ಲೇಖನಗಳ ಪ್ರಕಾರ ಕರಕುಶಲ ಕಲೆಯ ಅಧ್ಯಯನ ನಿನ್ನೆ ಮೊನ್ನೆ ಹುಟ್ಟಿದ್ದು. ಅದಕ್ಕೂ ಹಿಂದೆ ಇಳಕಲ್ಲಿನ ನೇಕಾರರೂ ಬೀದರಿನ ಬಿದ್ರಿ ಕೆಲಸದವರೂ ಸೊರಬ, ಸಾಗರದ ಗುಡಿಗಾರರೂ ಏನೋ ಒಂದು ಮಾಡಿಕೊಂಡಿದ್ದರು, ಈಗ ಪದವೀಧರರು ಬಂದು ಅವರನ್ನು ಬದುಕಿಸುತ್ತಿದ್ದಾರೆ. ಈ ಕ್ಷೇತ್ರದಲ್ಲೇ ತಲೆ ನರೆತ ನನ್ನಂಥವರಿಗೆ ಇದನ್ನು ಓದಿ ಸುಮ್ಮನಿರುವುದು ಕಷ್ಟ. ಕರಕುಶಲವನ್ನು ತರಗತಿಗೆ ತರುವ ಪ್ರಯತ್ನಕ್ಕೆ ನಮ್ಮ ದೇಶದಲ್ಲಿ ಒಂದೂವರೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಅದರಲ್ಲಿ ಗೆಲುವಿಗಿಂತ ಎಡವಿದ್ದೇ ಹೆಚ್ಚು, ಮತ್ತು ಎಡವಿದ್ದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ.

ಮೊದಲ ಘಟ್ಟವನ್ನು ಬೇಗ ದಾಟಿಬಿಡೋಣ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಮದರಾಸಿನಲ್ಲಿ ಕಲಾಶಾಲೆ ತೆರೆದ. 1854ರಲ್ಲಿ ಕಲ್ಕತ್ತ, 1857ರಲ್ಲಿ ಮುಂಬಯಿಯ ಜೆ.ಜೆ. ಶಾಲೆ, 1875ರಲ್ಲಿ ಲಾಹೋರಿನ ಮೇಯೊ ಶಾಲೆ ಬಂದವು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಭಾರತದ ಬಟ್ಟೆ, ಲೋಹದ ಕೆಲಸ ಕಂಡು ಬೆರಗಾದ ಬ್ರಿಟಿಷರಿಗೆ ಈ ಕುಶಲಕರ್ಮಿಗಳನ್ನು ಉಳಿಸಬೇಕು ಎನ್ನಿಸಿತ್ತು. ಅದೇ ಹೊತ್ತಿಗೆ ಮ್ಯಾಂಚೆಸ್ಟರಿನ ಬಟ್ಟೆ ಇಲ್ಲಿನ ನೇಕಾರರ ಹೊಟ್ಟೆಯ ಮೇಲೆ ಹೊಡೆಯುತ್ತಿತ್ತು ಎನ್ನುವುದು ಆ ಉತ್ಸಾಹಿಗಳನ್ನು ಅಷ್ಟೇನೂ ಕಾಡಿದಂತಿಲ್ಲ. ಬಡಗಿ, ಅಕ್ಕಸಾಲಿಗರ ಮಕ್ಕಳಿಗೆಂದು ತೆರೆದ ಶಾಲೆಗಳಿಗೆ ಕ್ರಮೇಣ ಗುಮಾಸ್ತರ, ವಕೀಲರ ಮಕ್ಕಳು ಬಂದರು. ಕಮ್ಮಟಗಳು ಹಿಂದೆ ಸರಿದು ತೈಲಚಿತ್ರ ಮುಂದೆ ಬಂತು. ಕಲಾಶಾಲೆಯ ಮುಖ್ಯಸ್ಥನಾಗಿದ್ದ ಇ.ಬಿ. ಹ್ಯಾವೆಲ್ ಇದನ್ನು ತಿರುಗಿಸಲು ಮದರಾಸಿನಲ್ಲೂ ಕಲ್ಕತ್ತದಲ್ಲೂ ಹೆಣಗಿದ. 1909ರಲ್ಲಿ ಆನಂದ ಕುಮಾರಸ್ವಾಮಿ ಭಾರತದ ಕುಶಲಕರ್ಮಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಪುಸ್ತಕವನ್ನು ಓದಿದವರು ಬಹಳ, ಕಮ್ಮಟಕ್ಕೆ ಹೋದವರು ಕಡಿಮೆ.

ಮೈಸೂರು ಸಂಸ್ಥಾನ ಇದಕ್ಕಿಂತ ವ್ಯಾವಹಾರಿಕವಾಗಿ ಯೋಚಿಸಿತು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬೆಳೆದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮರಗೆಲಸ, ದಂತದ ಕೆಲಸ, ಬೀಟೆಯ ಮೇಲಿನ ಕುಸುರಿ, ಲೋಹದ ಕೆಲಸ ಕಲಿಸುತ್ತಿದ್ದರು. ಅರಮನೆಗೂ ಸರ್ಕಾರಕ್ಕೂ ಕೆಲಸಗಾರರು ಬೇಕಿದ್ದರಿಂದ ಕಲಿತವರಿಗೆ ಕೆಲಸ ಸಿಗುತ್ತಿತ್ತು. ಶಿಕ್ಷಣಕ್ಕೂ ಅನ್ನಕ್ಕೂ ಇದ್ದ ಆ ನೇರ ಸಂಬಂಧವನ್ನು ನಮ್ಮ ವಿಶ್ವವಿದ್ಯಾಲಯಗಳು ಇಂದಿಗೂ ಕಟ್ಟಲಾಗಿಲ್ಲ. ಆದರೆ ಅದು ತಾಂತ್ರಿಕ ಸಂಸ್ಥೆಯಾಗಿಯೇ ಉಳಿಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಎರಡರ ನಡುವೆ ಒಂದು ಬಾಗಿಲು ಇಡಬೇಕೆಂದು ಯಾರಿಗೂ ತೋಚಲಿಲ್ಲ.

ಬಾಗಿಲು ತೆರೆದದ್ದು ಬಂಗಾಳದಲ್ಲಿ. ರವೀಂದ್ರನಾಥ ಠಾಕೂರರು 1922ರಲ್ಲಿ ಶಾಂತಿನಿಕೇತನದ ಪಕ್ಕದ ಶ್ರೀನಿಕೇತನದಲ್ಲಿ ಗ್ರಾಮ ಪುನರ್ನಿರ್ಮಾಣದ ಕೆಲಸ ಆರಂಭಿಸಿದ ಮೇಲೆ ನೇಯ್ಗೆ, ಚರ್ಮ, ಮಣ್ಣು, ಬಾಟಿಕ್ ಎಲ್ಲವೂ ವಿಶ್ವಭಾರತಿಯ ಅಂಗಳಕ್ಕೆ ಬಂದವು. ಅಲ್ಲಿನ ಕಲಾಶಾಲೆಯಾದ ಕಲಾಭವನದಲ್ಲಿ ನಂದಲಾಲ ಬೋಸರು ಮಾಡಿದ ಒಂದು ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಗೋಡೆಯ ಮೇಲೆ ಜೈಪುರ ಶೈಲಿಯ ಚಿತ್ರ ಬರೆಯುವ ವಿಧಾನ ಕಲಿಯಬೇಕಾದಾಗ ಅವರು ಪುಸ್ತಕ ತರಿಸಲಿಲ್ಲ, ಜೈಪುರದಿಂದ ನರಸಿಂಗ್‌ಲಾಲ್ ಎಂಬ ಮಿಸ್ತ್ರಿಯನ್ನು ಕರೆಸಿದರು. ಸುಣ್ಣ ಹದಮಾಡುವುದನ್ನು, ಹಸಿ ಗಾರೆಯ ಮೇಲೆ ಬಣ್ಣ ಕೂರಿಸಿ ಉಜ್ಜಿ ಹೊಳಪು ತರುವುದನ್ನು ಆತ ಕಲಿಸಿದರು, ಪ್ರಾಧ್ಯಾಪಕರೂ ಕಲಿತರು. ಸುಮಾರು ನೂರು ವರ್ಷದ ಹಿಂದೆ ನಡೆದದ್ದು ಇದು. ಆತನ ಬಳಿ ಯಾವ ಪದವಿ ಇದೆ ಎಂದು ಯಾರೂ ಕೇಳಲಿಲ್ಲ.

ಗಾಂಧೀಜಿಯವರ ದಾರಿ ಬೇರೆ. 1937ರ ವಾರ್ಧಾ ಸಮ್ಮೇಳನ ಮತ್ತು ಜಾಕಿರ್ ಹುಸೇನ್ ಸಮಿತಿಯ ವರದಿ ಕಸುಬನ್ನು ಪಾಠಪಟ್ಟಿಯ ಮೂಲೆಯಿಂದ ನಡುಮನೆಗೆ ತಂದವು: ನೂಲುತ್ತಲೇ ಗಣಿತ, ನೂಲುತ್ತಲೇ ಭೂಗೋಳ. ನನ್ನ ಹಿಂದಿನ ತಲೆಮಾರಿನವರು ಶಾಲೆಯಲ್ಲಿ ತಕಲಿ ಹಿಡಿದದ್ದು ಇದರ ಫಲವೇ. ಸ್ವಾತಂತ್ರ್ಯಾನಂತರ ತಕಲಿ ಉಳಿಯಿತು, ಗಣಿತ ಬೇರೆ ಕೋಣೆಗೆ ಹೋಯಿತು. ಕಸುಬಿನ ಪಿರಿಯಡ್ ಎಂದರೆ ಹೆಡ್‌ಮಾಸ್ತರರ ತೋಟಕ್ಕೆ ನೀರು ಹೊತ್ತು ಹಾಕುವುದು ಎಂದಾಯಿತು. ಗಾಂಧೀಜಿಯವರ ಈ ಮೂಲ ಶಿಕ್ಷಣ ಪ್ರಾಥಮಿಕ ಶಾಲೆಯಲ್ಲೇ ಸೊರಗಿದ್ದರಿಂದ, ಆ ವಿಚಾರ ವಿಶ್ವವಿದ್ಯಾಲಯದ ಮಟ್ಟಕ್ಕೆ ಬಂದಿದ್ದರೆ ಏನಾಗುತ್ತಿತ್ತು ಎನ್ನುವ ಪರೀಕ್ಷೆ ನಡೆಯಲೇ ಇಲ್ಲ.

ನಾವು ಓದಿದ, ದುಡಿದ ಕ್ಷೇತ್ರಕ್ಕೆ ನಿಜವಾದ ಬುನಾದಿ ಬಿದ್ದದ್ದು 1950ರ ದಶಕದಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ಅವರು ತಿರುಗದ ಊರಿಲ್ಲ, ಕೂತು ಮಾತಾಡದ ಕಮ್ಮಟವಿಲ್ಲ. ಬೆಂಗಳೂರೂ ಸೇರಿದಂತೆ ನಾಲ್ಕು ಕಡೆ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ಬಂದವು. 1956ರಿಂದ ಪುಪುಲ್ ಜಯಕರ್ ಅವರ ಮುತುವರ್ಜಿಯಲ್ಲಿ ನೇಕಾರರ ಸೇವಾ ಕೇಂದ್ರಗಳು ತೆರೆದವು. ಇವು ವಿಶ್ವವಿದ್ಯಾಲಯಗಳಲ್ಲ, ಪದವಿ ಕೊಡುತ್ತಿರಲಿಲ್ಲ. ಆದರೂ ಚಿತ್ರಕಾರ, ಬಣ್ಣಗಾರ, ನೇಕಾರ ಮೂವರೂ ಒಂದೇ ಸೂರಿನಡಿ, ಒಂದೇ ಸಂಬಳಪಟ್ಟಿಯಲ್ಲಿ ಇದ್ದ ಇಂಥ ಜಾಗ ಇನ್ನೊಂದು ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಸ್ವತಂತ್ರ ಭಾರತದ ಅತ್ಯುತ್ತಮ ಕರಕುಶಲ ವಿಶ್ವವಿದ್ಯಾಲಯ ಅದೇ. ದುರದೃಷ್ಟಕ್ಕೆ ಅದನ್ನು ಜವಳಿ ಇಲಾಖೆಯ ಕಚೇರಿಯೆಂದಷ್ಟೇ ಕಂಡೆವು.

ಬರೋಡಾದ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. 1950ರಲ್ಲಿ ಆರಂಭವಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಕೆ.ಜಿ. ಸುಬ್ರಮಣ್ಯನ್ ಪಾಠ ಮಾಡುತ್ತಿದ್ದರು. ನಡುವೆ ಎರಡು ವರ್ಷ ಅವರು ಕೈಮಗ್ಗ ಮಂಡಳಿಯಲ್ಲಿ ವಿನ್ಯಾಸದ ಅಧಿಕಾರಿಯಾಗಿ ದುಡಿದು ಮರಳಿದರು. ಆಮೇಲೆ ಅಲ್ಲಿ ನಡೆದ ಫೈನ್ ಆರ್ಟ್ಸ್ ಮೇಳಗಳಲ್ಲಿ ಮೇಷ್ಟರು, ವಿದ್ಯಾರ್ಥಿಗಳು ಎಲ್ಲರೂ ಆಟಿಕೆ, ಗೊಂಬೆ, ಕುಡಿಕೆ ಮಾಡಿ ಮಾರುತ್ತಿದ್ದರು. ಚಿತ್ರ ಬರೆಯುವವನ ಕೈ ಮಣ್ಣು, ಮರ, ದಾರ ಮುಟ್ಟಲೇಬೇಕು ಎನ್ನುವುದು ಆ ಶಾಲೆಯ ಪಾಠ. ಕನ್ನಡ ನಾಡಿನಲ್ಲಿ ಇದಕ್ಕೆ ಸಮೀಪದ ಮನಸ್ಸು ಎಂ.ಎಸ್. ನಂಜುಂಡರಾವ್ ಅವರದು. ಚಿತ್ರಕಲಾ ಪರಿಷತ್ತು ಕಟ್ಟುವಾಗ ಅವರು ತೊಗಲುಗೊಂಬೆ, ಮೈಸೂರು ಸಂಪ್ರದಾಯದ ಚಿತ್ರಗಳನ್ನು ಹುಡುಕಿ ತಂದರು. ಆದರೆ ನಮ್ಮ ರಾಜ್ಯದ ದೃಶ್ಯಕಲಾ ಪದವಿಗಳ ಬೆನ್ನೆಲುಬು ಇಂದಿಗೂ ಚಿತ್ರ, ಶಿಲ್ಪ, ಅನ್ವಯಿಕ ಕಲೆ, ಕಲಾ ಇತಿಹಾಸ. ತೊಗಲುಗೊಂಬೆ ಗ್ಯಾಲರಿಗೆ ಬಂದಷ್ಟು ಸುಲಭವಾಗಿ ಗೊಂಬೆ ಮಾಡುವವರು ಸಿಬ್ಬಂದಿ ಕೋಣೆಗೆ ಬರಲಿಲ್ಲ.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಸಾಮಾನ್ಯ ಲೋಟಾ ಒಂದನ್ನು ಮುಂದಿಟ್ಟುಕೊಂಡು ವಿನ್ಯಾಸವೆಂದರೆ ಏನೆಂದು ವಿವರಿಸಿದ ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಹುಟ್ಟಿತು. ವಿಷಯ ಲೋಟಾದ್ದಾದರೂ ಅಧ್ಯಾಪಕರ ತರಬೇತಿ, ಪಾಠಕ್ರಮ ಜರ್ಮನಿ, ಸ್ವಿಟ್ಜರ್ಲೆಂಡಿನ ದಾರಿ ಹಿಡಿದವು. ಆ ಪಾಠವನ್ನು ನಮ್ಮ ನೆಲಕ್ಕಿಳಿಸಿದವರಲ್ಲಿ ಎಂ.ಪಿ. ರಂಜನ್ ಮುಖ್ಯರು. ಈಶಾನ್ಯ ರಾಜ್ಯಗಳ ಬಿದಿರು, ಬೆತ್ತದ ಕೆಲಸದ ಬಗ್ಗೆ ಅವರೂ ಸಂಗಡಿಗರೂ 1986ರಲ್ಲಿ ತಂದ ಗ್ರಂಥ ಇಂದಿಗೂ ಮಾದರಿ. ಒಂದು ಬುಟ್ಟಿಯ ಅಡಿ ಚೌಕವಾಗಿ ಶುರುವಾಗಿ ಬಾಯಿ ದುಂಡಗಾಗುವುದು ಹೇಗೆ ಎಂಬುದನ್ನು ಎಳೆ ಎಳೆಯಾಗಿ ಬಿಡಿಸಿದ ರೇಖಾಚಿತ್ರಗಳು ಅಲ್ಲಿವೆ.

ಎನ್‌ಐಡಿಯ ಕೊಡುಗೆಗಳಲ್ಲಿ ನಮ್ಮ ತಲೆಮಾರನ್ನು ರೂಪಿಸಿದ್ದು ಕರಕುಶಲ ದಾಖಲೀಕರಣ. ವಿದ್ಯಾರ್ಥಿಗಳು ಒಂದು ಊರಿಗೆ ಹೋಗಿ, ಅಲ್ಲಿಯೇ ಉಳಿದು, ಒಂದು ಕಸುಬಿನ ಸಾಮಗ್ರಿ, ಉಪಕರಣ, ಹಂತಗಳು, ಮಾರುಕಟ್ಟೆ, ಮನೆತನ ಎಲ್ಲವನ್ನೂ ಬರೆದು, ಅಳೆದು, ಫೋಟೊ ತೆಗೆದು ತರಬೇಕು. 80, 90ರ ದಶಕಗಳಲ್ಲಿ ಬೇರೆ ಕಾಲೇಜುಗಳೂ ಇದನ್ನು ಕಲಿತವು. ನಾನೂ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಮೇಷ್ಟರಾಗಿ ಹೀಗೆ ತಿರುಗಿದವನು. ಡಿಸೈನ್ ಎಂದರೆ ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ ಎಂದುಕೊಂಡ ಇಂದಿನವರಿಗೆ ಈ ಪದ್ಧತಿ ಹಳತೆನಿಸಬಹುದು. ನನಗೆ ಮಾತ್ರ ಇದಕ್ಕಿಂತ ಒಳ್ಳೆಯ ಪಠ್ಯಕ್ರಮ ಯಾರೂ ರೂಪಿಸಿದಂತೆ ಕಾಣುವುದಿಲ್ಲ.

ಇಳಕಲ್ ಸೀರೆಯನ್ನೇ ನೋಡಿ. ಅಂಗಡಿಯಲ್ಲಿ ಕಾಣುವುದು ಟೋಪ್ ತೆನೆಯ ಕೆಂಪು ಸೆರಗು, ಗೋಮಿ ಅಥವಾ ಗಾಡಿ ಅಂಚು. ಕುಣಿ ಮಗ್ಗದ ಪಕ್ಕ ಕೂತರೆ ಕಾಣುವುದೇ ಬೇರೆ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಕೂಡಿಸಲು ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯ ಕುಣಿಕೆಯನ್ನು ತೂರಿಸಬೇಕು. ಇದನ್ನು ಕೊಂಡಿ ಹಾಕುವುದು ಎನ್ನುತ್ತಾರೆ. ಸೆರಗಿಗೊಮ್ಮೆ ಕೊಂಡಿ ಹಾಕಬೇಕಾದ್ದರಿಂದ ಉದ್ದನೆಯ ಹಾಸು ಹೂಡಿ ಹತ್ತಾರು ಸೀರೆಗಳನ್ನು ಒಂದೇ ಸಮ ನೇಯುವ ಅನುಕೂಲ ಇಲ್ಲಿಲ್ಲ. ಪ್ರತಿ ಸೀರೆಗೂ ಹಾಸು ಬೇರೆಯೇ ಸಿದ್ಧವಾಗಬೇಕು. ಈ ಕೆಲಸ ಬಹುಮಟ್ಟಿಗೆ ಮನೆಯ ಹೆಂಗಸರದು. ಕಂಡಿಕೆ ಸುತ್ತುವುದೂ ಅವರದೇ. ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಸೀರೆಯ ಲೆಕ್ಕ ಬರೆಯುತ್ತ ನೂಲು, ಬಣ್ಣ, ನೇಯ್ಗೆ ಕೂಲಿ ಎಂದು ಮೂರು ಸಾಲು ಬರೆದಿದ್ದಳು. ‘ಕೊಂಡಿ ಯಾರ ಲೆಕ್ಕದಾಗ ಐತವ್ವಾ?’ ಎಂದು ನೇಕಾರರ ತಾಯಿ ಕೇಳಿದರು. ಆ ಹುಡುಗಿಯ ದಾಖಲೆಯ ಉಳಿದ ಭಾಗವೆಲ್ಲ ಆ ಪ್ರಶ್ನೆಯ ಸುತ್ತಲೇ ಬೆಳೆಯಿತು. ಮುಂದೆ ಆಕೆ ಒಂದು ಬಟ್ಟೆ ರಫ್ತು ಕಂಪನಿ ಸೇರಿದಾಗ ದರ ನಿಗದಿಯಲ್ಲಿ ಎಲ್ಲರಿಗಿಂತ ಚುರುಕು ಎನ್ನಿಸಿಕೊಂಡಳು. ಕರಕುಶಲ ಓದಿದರೆ ಕೆಲಸ ಸಿಗುತ್ತದೆಯೇ ಎಂದು ಕೇಳುವ ಪಾಲಕರಿಗೆ ನಾನು ಹೇಳುವ ಉದಾಹರಣೆ ಇದು.

ಕೆಲಸವಂತೂ ಸಿಗುತ್ತದೆ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಎನ್‌ಐಎಫ್‌ಟಿ, 1986ರಲ್ಲಿ ದೆಹಲಿಯಲ್ಲಿ, ಮುಂದೆ ಬೆಂಗಳೂರಿನಲ್ಲೂ ತೆರೆಯಿತು. 1995ರಲ್ಲಿ ಜೈಪುರದ ಭಾರತೀಯ ಕರಕುಶಲ ಮತ್ತು ವಿನ್ಯಾಸ ಸಂಸ್ಥೆ, ಐಐಸಿಡಿ, ಕರಕುಶಲವನ್ನೇ ಕೇಂದ್ರದಲ್ಲಿಟ್ಟುಕೊಂಡು ಹುಟ್ಟಿತು. ಮರ, ಕಲ್ಲು, ಲೋಹದಂಥ ಗಟ್ಟಿ ಸಾಮಗ್ರಿ, ಬಟ್ಟೆ, ಚರ್ಮದಂಥ ಮೃದು ಸಾಮಗ್ರಿ, ಸುಟ್ಟ ಮಣ್ಣು ಎಂದು ವಿಭಾಗ ಮಾಡಿಕೊಂಡ ಅದರ ಕ್ರಮ ನನಗೆ ಹಿಡಿಸುತ್ತದೆ. ಕೊನೆಗೂ ಯಾರೋ ಸಾಮಗ್ರಿಯಿಂದ ಯೋಚಿಸಿದರು. 1996ರಲ್ಲಿ ಬೆಂಗಳೂರಿನಲ್ಲಿ ಸೃಷ್ಟಿ ವಿನ್ಯಾಸ ಶಾಲೆ ಬಂತು. ಇಲ್ಲೆಲ್ಲ ಓದಿದವರು ರಫ್ತು ಸಂಸ್ಥೆ, ಬಟ್ಟೆ ಬ್ರ್ಯಾಂಡ್, ಎಂಪೋರಿಯಂ, ವಸ್ತುಸಂಗ್ರಹಾಲಯ, ಸ್ವಯಂಸೇವಾ ಸಂಸ್ಥೆಗಳಲ್ಲಿ ಇದ್ದಾರೆ, ಸ್ವಂತ ಅಂಗಡಿ ತೆರೆದಿದ್ದಾರೆ, ಪಾಠ ಮಾಡುತ್ತಿದ್ದಾರೆ. ಚನ್ನಪಟ್ಟಣದ ಹಾಲೆ ಮರದ ಆಟಿಕೆ ಹೊಸ ರೂಪದಲ್ಲಿ ಪೇಟೆಗೆ ಬಂದದ್ದರ ಹಿಂದೆ ಇಂಥ ಹಲವರ ದುಡಿಮೆ ಇದೆ. ಅದನ್ನು ಕಡೆಗಣಿಸುವುದು ಅನ್ಯಾಯ.

ಆದರೂ ಲೆಕ್ಕ ಹಾಕಿ ನೋಡಿ. ಈ ಉದ್ಯೋಗಗಳೆಲ್ಲ ಕಸುಬಿನ ಸುತ್ತಮುತ್ತಲಿನವು. ಕಸುಬನ್ನೇ ಉದ್ಯೋಗ ಮಾಡಿಕೊಂಡವರ ಸ್ಥಿತಿ ಹೀಗಿದೆ: 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸದವರು ಸೇರಿ 35 ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು. ಈ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡು ಭಾಗದ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಹೆಸರಾಂತ ಡಿಸೈನ್ ಶಾಲೆಯ ವಾರ್ಷಿಕ ಶುಲ್ಕ ಲಕ್ಷಗಳಲ್ಲಿದೆ. ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಬೇಕು, ಕೋಚಿಂಗ್ ಬೇಕು, ಪೋರ್ಟ್‌ಫೋಲಿಯೊ ಬೇಕು. ನೇಕಾರರ ಮಗಳು ತನ್ನ ಮನೆಯ ಕಸುಬನ್ನೇ ಪದವಿಯಾಗಿ ಓದಬೇಕಾದರೆ ದಾಟಬೇಕಾದ ಹೊಸ್ತಿಲುಗಳು ಬೆಂಗಳೂರಿನ ಯಾವ ಹುಡುಗಿಗೂ ಇಲ್ಲ. ಎನ್‌ಐಎಫ್‌ಟಿ ಈಚೆಗೆ ಕುಶಲಕರ್ಮಿಗಳ ಮಕ್ಕಳಿಗೆ ಬೇರೆ ಪ್ರವೇಶ ವ್ಯವಸ್ಥೆ ಮಾಡಿದೆ. ಎನ್‌ಐಒಎಸ್, ಇಗ್ನೊ ಎಂಬ ಮುಕ್ತ ಶಿಕ್ಷಣ ಸಂಸ್ಥೆಗಳಲ್ಲಿ ನೇಕಾರ ಕುಟುಂಬಗಳ ಪರಿಶಿಷ್ಟರು, ಬಡತನ ರೇಖೆಗಿಂತ ಕೆಳಗಿನವರು ಮತ್ತು ಮಹಿಳೆಯರಿಗೆ ಶೇ 75ರಷ್ಟು ಶುಲ್ಕ ವಿನಾಯಿತಿ ಇದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಹೇಳುವವರೇ ಇಲ್ಲ.

ಈ ಗೋಡೆಯನ್ನು ನಿಜಕ್ಕೂ ಒಡೆದದ್ದು ವಿಶ್ವವಿದ್ಯಾಲಯದ ಹೊರಗೆ. 2005ರಲ್ಲಿ ಕಛ್‌ನಲ್ಲಿ ಜೂಡಿ ಫ್ರೇಟರ್ ‘ಕಲಾ ರಕ್ಷಾ ವಿದ್ಯಾಲಯ’ ಆರಂಭಿಸಿದರು. ಕಸುಬುದಾರರೇ ವಿದ್ಯಾರ್ಥಿಗಳು. ಕೆಲಸ ಬಿಟ್ಟು ಬರಲಾಗದವರಿಗಾಗಿ ವರ್ಷದಲ್ಲಿ ಎರಡೆರಡು ವಾರಗಳ ಆರು ಕಂತು. ನಡುವೆ ಮನೆಗೆ ಹೋಗಿ ಕಲಿತದ್ದನ್ನು ಮಗ್ಗದ ಮೇಲೆ, ಸೂಜಿಯಲ್ಲಿ ಮಾಡಿ ತರಬೇಕು. ಪಾಠ ಸ್ಥಳೀಯ ಭಾಷೆಯಲ್ಲಿ. 2014ರಲ್ಲಿ ಇದೇ ಪದ್ಧತಿ ಸೋಮೈಯ ಕಲಾ ವಿದ್ಯಾ ಎಂಬ ಸಂಸ್ಥೆಯಲ್ಲಿ ಮುಂದುವರಿಯಿತು. ಅದರ ಒಂದು ಕೈ ನಮ್ಮ ಬಾಗಲಕೋಟೆಯವರೆಗೂ ಚಾಚಿತು: ಕಛ್‌ನ ಭುಜೋಡಿಯ ನೇಕಾರರು ಇಲ್ಲಿನ ಕಮತಗಿಯ ನೇಕಾರರಿಗೆ ಗುರುಗಳಾದರು. ಡಿಸೈನರ್ ಬಂದು ನೇಕಾರರಿಗೆ ಕಲಿಸಿದ್ದು ಹಳೆಯ ಸುದ್ದಿ, ನೇಕಾರರೇ ನೇಕಾರರಿಗೆ ವಿನ್ಯಾಸ ಕಲಿಸಿದ್ದು ಹೊಸದು. ನಮ್ಮಲ್ಲಿ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಮತ್ತು ಅಲ್ಲಿನ ಮಹಿಳೆಯರು ಕಟ್ಟಿದ ‘ಚರಕ’ ಶಾಲೆಯಲ್ಲ, ಸಹಕಾರಿ. ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುವುದನ್ನು ಅಲ್ಲಿ ಕಲಿತ ಹೆಣ್ಣುಮಕ್ಕಳ ತಿಳಿವಳಿಕೆ ಯಾವ ಬಿಎಸ್ಸಿ ಜವಳಿ ವಿದ್ಯಾರ್ಥಿಗೂ ಕಡಿಮೆಯಿಲ್ಲ. ಅವರಿಗೆ ಯಾರೂ ಅಂಕಪಟ್ಟಿ ಕೊಟ್ಟಿಲ್ಲ.

ಪದವಿ ಶಿಕ್ಷಣದ ಸಮೀಕ್ಷೆಗಳಲ್ಲಿ ಇವಕ್ಕೆ ಜಾಗ ಸಿಗದಿರುವುದು ಆಕಸ್ಮಿಕವಲ್ಲ. ಯಾರು ಕಲಿಸಬಹುದು ಎಂಬ ಪ್ರಶ್ನೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಕಾಗದದಲ್ಲೇ ಇತ್ಯರ್ಥ ಮಾಡಿಬಿಟ್ಟಿವೆ. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿ, ನೆಟ್ ಅಥವಾ ಪಿಎಚ್‌.ಡಿ ಬೇಕು. ಬಿದ್ರಿ ಕೆಲಸವನ್ನು ಹೇಗೆ ಕಲಿಸುತ್ತೀರಿ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಚಾಣದಿಂದ ಕೊರೆಯುವುದು, ಬೆಳ್ಳಿ ಕೂರಿಸುವುದು, ಇವನ್ನು ಪುಸ್ತಕದಿಂದ ಹೇಳಬಹುದು. ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದೊಡನೆ ನೀರಲ್ಲಿ ಕುದಿಸಿ ಅದರಲ್ಲಿ ಪಾತ್ರೆಯನ್ನು ಅದ್ದಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆಗಬಹುದು ಎಂದು ಹಳಬರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ನಾಲಿಗೆಯ ಈ ತಿಳಿವಳಿಕೆಗೆ ನೆಟ್ ಪರೀಕ್ಷೆ ಇಲ್ಲ. ಬಿದ್ರಿ ಕಲಾವಿದರಿಗೆ ಪದ್ಮಶ್ರೀ ಕೊಟ್ಟ ದೇಶದಲ್ಲಿ, ಅದೇ ಕಸುಬಿನ ಹಿರಿಯರು ಕಾಲೇಜಿಗೆ ಬಂದರೆ ಅವರಿಗೆ ಸಿಗುವ ಜಾಗ ‘ಡೆಮೊ’ ಕೊಡುವವರದು.

ನಾನೇ ಕಂಡದ್ದೊಂದು ಹೇಳುತ್ತೇನೆ. ಒಂದು ವಿಶ್ವವಿದ್ಯಾಲಯದಲ್ಲಿ ಹಿರಿಯ ನೇಕಾರರೊಬ್ಬರು ವಾರಗಟ್ಟಲೆ ನಮ್ಮ ಮಕ್ಕಳಿಗೆ ಮಗ್ಗ ಹೂಡುವುದನ್ನು ಕಲಿಸಿದರು. ಸಂಭಾವನೆಯ ಬಿಲ್ಲು ಹಣಕಾಸು ವಿಭಾಗದಿಂದ ವಾಪಸು ಬಂತು. ಅತಿಥಿ ಉಪನ್ಯಾಸಕರ ದರ ಕೊಡಲು ವಿದ್ಯಾರ್ಹತೆಯ ಪ್ರಮಾಣಪತ್ರ ಲಗತ್ತಿಸಿಲ್ಲ ಎಂದು ಷರಾ. ಕೊನೆಗೆ ಹಣ ಹೋದದ್ದು ದಿನಗೂಲಿ ಲೆಕ್ಕದಲ್ಲಿ, ಬೆಂಚು ರಿಪೇರಿ ಮಾಡಿದವರ ಹೆಸರಿನ ಕೆಳಗೆ. ಅವರು ಸಹಿ ಹಾಕಿ, ‘ಇರಲಿ ಬಿಡ್ರಿ ಸರ’ ಎಂದು ನಕ್ಕು ಹೋದರು. ನನಗೆ ನಗು ಬರಲಿಲ್ಲ.

ನಿಯಮವೇ ಅಡ್ಡಿ ಎನ್ನುವ ನೆಪ ಈಗ ಉಳಿದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಲೋಕವಿದ್ಯೆಯ, ಅಂದರೆ ಜನರ ನಡುವೆ ಬೆಳೆದ ಕಸುಬಿನ ತಿಳಿವಳಿಕೆಯ, ಮಾತಾಡಿತು, ಶಾಲೆಗಳಲ್ಲಿ ಚೀಲವಿಲ್ಲದ ಹತ್ತು ದಿನ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದಿತು. ಕರ್ನಾಟಕದಲ್ಲಿ ಆ ನೀತಿ ಬಂದ ವೇಗದಲ್ಲೇ ಹೋಯಿತು. 2024-25ರಿಂದ ಪದವಿಗಳು ಹಳೆಯ ಮೂರು ವರ್ಷದ ಚೌಕಟ್ಟಿಗೆ ಮರಳಿದವು. ನೀತಿಯ ರಾಜಕೀಯ ಏನೇ ಇರಲಿ, 2022ರಲ್ಲಿ ಯುಜಿಸಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಹುದ್ದೆಯ ಮಾರ್ಗಸೂಚಿ ಹಾಗೇ ಇದೆ. ಕನಿಷ್ಠ 15 ವರ್ಷದ ಅನುಭವವಿರುವ ಪರಿಣತರನ್ನು, ಔಪಚಾರಿಕ ವಿದ್ಯಾರ್ಹತೆಯ ಕಡ್ಡಾಯವಿಲ್ಲದೆ, ಮಂಜೂರಾದ ಹುದ್ದೆಗಳ ಶೇ 10ರಷ್ಟರವರೆಗೆ ನೇಮಿಸಿಕೊಳ್ಳಬಹುದು. ಮರುವರ್ಷ ಕಲಾವಿದರು, ಕುಶಲಕರ್ಮಿಗಳು ಕ್ಯಾಂಪಸ್ಸಿನಲ್ಲಿ ಉಳಿದು ಕಲಿಸುವ ವ್ಯವಸ್ಥೆಗೂ ಮಾರ್ಗಸೂಚಿ ಬಂತು. ಈ ಹುದ್ದೆಗಳ ಸುದ್ದಿ ಬಂದಾಗಲೆಲ್ಲ ಕಾಣುವುದು ಕಂಪನಿಗಳ ಹಿರಿಯ ಅಧಿಕಾರಿಗಳ, ನಿವೃತ್ತ ಆಡಳಿತಗಾರರ ಹೆಸರು. ಶಿವಾರಪಟ್ಟಣದ ಕಲ್ಲುಕುಟಿಗರಿಗೆ, ಕಿನ್ನಾಳದ ಚಿತ್ರಗಾರರಿಗೆ ಹದಿನೈದು ವರ್ಷದ ಅನುಭವ ಇಲ್ಲವೇ?

2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯನ್ನು ಇಲ್ಲಿ ಹೆಸರಿಸದಿದ್ದರೆ ಕೆಲವರಿಗೆ ಬೇಸರವಾದೀತು. 18 ಕಸುಬುಗಳವರಿಗೆ ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಹಣದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಹುಟ್ಟಿದಾರಭ್ಯ ಉಳಿ ಹಿಡಿದವರನ್ನು ಐದು ದಿನ ತರಬೇತಿಗೆ ಕೂರಿಸುವುದೂ, ಐದು ದಿನ ಉಳಿ ಮುಟ್ಟದವರಿಗೆ ಕ್ರಾಫ್ಟ್ ಪದವಿ ಕೊಡುವುದೂ ಒಂದೇ ತಪ್ಪಿನ ಎರಡು ಬದಿ. ಇದರ ನಡುವೆ ಕಸುಬುದಾರರ ಅನುಭವವನ್ನು ಕ್ರೆಡಿಟ್ ಆಗಿ ಎಣಿಸಿ ಪದವಿಗೆ ದಾರಿ ಮಾಡುವ ಒಂದು ಗಂಭೀರ ಕೋರ್ಸ್ ಕನ್ನಡ ಮಾಧ್ಯಮದಲ್ಲಿ ಬೇಕಾಗಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಾದಾಮಿಯಲ್ಲಿ ಶಿಲ್ಪ ಕಲಿಸುವ ಕೇಂದ್ರ ತೆರೆದು ಆ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿತ್ತು. ಕಾರ್ಕಳದ ಮಿಯಾರಿನಲ್ಲಿ ಕಲ್ಲು, ಮರ, ಲೋಹದ ಶಿಲ್ಪ ಕಲಿಸುವ ಸಿ.ಇ. ಕಾಮತ್ ಸಂಸ್ಥೆ ಇದೆ. ಗದಗ-ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಇದೆ. ಇವನ್ನು ಪದವಿಯ ದಾರಿಗೆ ಜೋಡಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳೇ ಮಾಡಬೇಕು.

ಈ ವರ್ಷ ಅರ್ಜಿ ಹಾಕುವ ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಿಗೂ ಒಂದು ಮಾತು. ಕಾಲೇಜಿನ ಕಟ್ಟಡ, ಪ್ಲೇಸ್‌ಮೆಂಟ್ ಪಟ್ಟಿ ನೋಡಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ, ನಿಮಗೆ ಕಲಿಸುವವರಲ್ಲಿ ಕಸುಬಿನಿಂದಲೇ ಬಂದವರು ಯಾರಿದ್ದಾರೆ, ಅವರಿಗೆ ಸಂಬಳ ಯಾವ ಪಟ್ಟಿಯಿಂದ ಹೋಗುತ್ತದೆ ಎಂದು ಕೇಳಿ. ಉತ್ತರ ಕೊಡಲು ಪ್ರವೇಶ ವಿಭಾಗದವರು ತಡವರಿಸಿದರೆ ಇನ್ನೊಂದು ಕಾಲೇಜು ಹುಡುಕಿ.